ಎಂಟು ಅಕ್ಷರ ಕಳೆದ ಅಕ್ಕಿ

ಬೆಳಗಾವಿಯ ಹಿಂದವಾಡಿಯ ಆಚೆಗೆ ಮನೆಗಳ ಸಾಲು ತೆಳುವಾಗುವಲ್ಲಿ ಭತ್ತದ ಶಿವಾರ ಶುರುವಾಗುತ್ತದೆ. ಅನಗೋಳ, ವಡಗಾವಿ, ಶಹಾಪುರ, ಯಳ್ಳೂರು. ಬಡಾವಣೆಗಳೂ ರಸ್ತೆಗಳೂ ತಿಂದು ಉಳಿಸಿದ ಈ ಹೊಲಗಳ ಬಾಸುಮತಿಗೆ ಬೆಳಗಾವಿಯ ಹಳೆಯ ಮನೆಗಳಲ್ಲಿ ಇನ್ನೂ ಮರ್ಯಾದೆ ಇದೆ. ಪ್ಯಾಕೆಟ್ಟಿನಲ್ಲಿ ಬರುವ ಉತ್ತರದ ಬಾಸ್ಮತಿ ಬೇರೆ, ನಮ್ಮ ಶಿವಾರದ್ದು ಬೇರೆ ಎಂದು ಇಲ್ಲಿಯವರು ಹಟ ಹಿಡಿದು ಹೇಳುತ್ತಾರೆ. ಹಬ್ಬದ ದಿನ ಯಾರ ಮನೆಯಲ್ಲಿ ಅದು ಬೇಯುತ್ತಿದೆ ಎಂಬುದು ಓಣಿಗೆಲ್ಲ ಗೊತ್ತಾಗುತ್ತದೆ. ಸುಗ್ಗಿ ಮುಗಿದ ಮೇಲೆ ಅಕ್ಕಿ ತಂದವರನ್ನು ನಮ್ಮ ಆಯಿ ಅಂಗಳದಲ್ಲೇ ನಿಲ್ಲಿಸಿ, ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ತಿಕ್ಕಿ, ಬಾಯಿಂದ ಬಿಸಿ ಉಸಿರು ಊದಿ ಮೂಸುತ್ತಿದ್ದಳು. ಮನಸ್ಸಿಗೆ ಬಾರದಿದ್ದರೆ ತೀರ್ಪು ತಡವಾಗುತ್ತಿರಲಿಲ್ಲ: “ಇದು ಬಾಸುಮತಿ ಅಲ್ಲೋ ತಮ್ಮಾ, ಬಾಸುಮತಿ ಚೀಲದಾಗ ತುಂಬಿದ್ದು.”

ಆಯಿ ಆ ಅಂಗೈಯಲ್ಲಿ ಏನನ್ನು ಮೂಸುತ್ತಿದ್ದಳು ಎಂಬುದು ನನಗೆ ತಿಳಿದದ್ದು ಬಯೋಟೆಕ್ ಓದಲು ಸೇರಿದ ಮೇಲೆ. ಗೊತ್ತಾದ ದಿನದಿಂದ ಇವತ್ತಿನವರೆಗೂ ಆ ವಿಷಯ ನನ್ನನ್ನು ಬಿಟ್ಟಿಲ್ಲ.

ಮಾಲಿಕ್ಯುಲರ್ ಬಯಾಲಜಿಯ ಮೊದಲ ವರ್ಷ ಬೆರಗಿನದಲ್ಲ, ಬಾಯಿಪಾಠದ್ದು. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನು ಎಂದು ಬಾಣ ಹಾಕಿ ಚಿತ್ರ ಬರೆಯುವುದು. ಕಿಣ್ವಗಳ ಹೆಸರು, ಅವನ್ನು ಕಂಡುಹಿಡಿದವರ ಹೆಸರು, ಇಸವಿ. ನಾಲ್ಕು ಬಣ್ಣದ ಪೆನ್ನಿನಲ್ಲಿ ಡಿಎನ್‌ಎಯ ನಾಲ್ಕು ಅಕ್ಷರ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್. ಪಾಠ ಹೇಳುವವರು ಜೀನನ್ನು ಯಾವಾಗಲೂ ಇರುವ ವಸ್ತುವಾಗಿಯೇ ಹೇಳುತ್ತಾರೆ: ಈ ಜೀನ್ ಇದ್ದರೆ ಈ ಗುಣ, ಆ ಜೀನ್ ಇದ್ದರೆ ಆ ಗುಣ. ಹಾಗಾಗಿ ಪರಿಮಳದ ಅಕ್ಕಿಯಲ್ಲಿ ಪರಿಮಳದ ಜೀನ್ ಇರುತ್ತದೆ, ಸಾದಾ ಅಕ್ಕಿಯಲ್ಲಿ ಇರುವುದಿಲ್ಲ ಎಂದು ನಮ್ಮ ತರಗತಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಪೇಪರ್ ತಿದ್ದುವವರು ಅದಕ್ಕೆ ಅಂಕ ಕೊಡುತ್ತಲೂ ಇದ್ದರೇನೋ.

ನಿಜ ಅದಕ್ಕೆ ಪೂರಾ ಉಲ್ಟಾ.

ಅನ್ನ ಬೇಯುವಾಗ ಬರುವ ಆ ವಾಸನೆಯಲ್ಲಿ ನೂರಾರು ಸಂಯುಕ್ತಗಳಿವೆ. ಆದರೆ ಪರಿಮಳದ ಅಕ್ಕಿಗೆ ಅದರ ಗುರುತು ಕೊಡುವುದು ಮುಖ್ಯವಾಗಿ ಒಂದು ಚಿಕ್ಕ ಅಣು, 2-ಅಸಿಟೈಲ್-1-ಪೈರೋಲಿನ್. ರಾನ್ ಬಟರಿ ಎಂಬ ಅಮೆರಿಕದ ರಸಾಯನವಿಜ್ಞಾನಿ 1980ರ ದಶಕದ ಆರಂಭದಲ್ಲಿ, ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರ ಜೊತೆಗೂಡಿ ಇದನ್ನು ಹಿಡಿದರು. ಸಾವಿರ ಕೋಟಿ ಪಾಲು ನೀರಿನಲ್ಲಿ ಒಂದೇ ಒಂದು ಪಾಲು ಬೆರೆತಿದ್ದರೂ ಮನುಷ್ಯನ ಮೂಗಿಗೆ ಇದು ಸಿಗುತ್ತದೆ ಎಂದು ಅವರ ಅಳತೆ. ಅದು ಭತ್ತದ ಗಿಡದಲ್ಲಿ ಹುಟ್ಟುವುದು ಹೇಗೆ ಎಂಬುದಕ್ಕೆ ಉತ್ತರ ಸಿಗಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. 2005ರಲ್ಲಿ, ಭತ್ತದ ಸುಮಾರು 39 ಕೋಟಿ ಅಕ್ಷರಗಳ ಜೀನೋಮನ್ನು ಹತ್ತು ದೇಶಗಳ ವಿಜ್ಞಾನಿಗಳು ಓದಿ ಮುಗಿಸಿದ ವರ್ಷವೇ (ಹನ್ನೊಂದನೇ ಕ್ರೋಮೊಸೋಮಿನ ಓದಿನಲ್ಲಿ ನಮ್ಮ ದೇಶದವರ ಪಾಲೂ ಇತ್ತು), ಆಸ್ಟ್ರೇಲಿಯಾದ ಲೂಯಿ ಬ್ರಾಡ್ಬರಿ ಮತ್ತು ಸಂಗಡಿಗರು ಎಂಟನೇ ಕ್ರೋಮೊಸೋಮಿನ ಒಂದು ಜೀನಿನ ಕಡೆ ಬೆರಳು ತೋರಿಸಿದರು. ಅದರ ಹೆಸರು ಬಿಎಡಿಎಚ್2. ಸಾದಾ ಭತ್ತದಲ್ಲಿ ಈ ಜೀನ್ ಚೊಕ್ಕವಾಗಿದೆ. ಪರಿಮಳದ ಅಕ್ಕಿಗಳ ಬಹುಪಾಲು ತಳಿಗಳಲ್ಲಿ ಅದು ಕೆಟ್ಟಿದೆ. ಏಳನೇ ತುಣುಕಿನಲ್ಲಿ ಎಂಟು ಅಕ್ಷರ ಬಿಟ್ಟುಹೋಗಿವೆ.

39 ಕೋಟಿಯಲ್ಲಿ ಎಂಟು. ಪುಸ್ತಕದಲ್ಲಾದರೆ ಅಚ್ಚಿನ ದೋಷ ಎಂದು ಯಾರೂ ತಿದ್ದುಪಡಿಗೆ ಕೂಡ ಹೋಗುವುದಿಲ್ಲ. ಆದರೆ ಜೀವಕೋಶ ಜೀನನ್ನು ಓದುವುದು ಮೂರು ಮೂರು ಅಕ್ಷರ ಕೂಡಿಸಿ, ನಡುವೆ ಜಾಗ ಬಿಡದೆ. “ಮಗಳು ಗದ್ದೆಗೆ ನಡೆದು ಬತ್ತವ ತಂದಳು” ಎಂದು ಬರೆದು ನೋಡಿ. ಪ್ರತಿ ಪದಕ್ಕೂ ಮೂರೇ ಅಕ್ಷರ. ಮೊದಲ ಪದದ “ಳು” ಒಂದನ್ನು ಕಿತ್ತು, ಮತ್ತೆ ಮೂರು ಮೂರಾಗಿ ಓದಿ: ಮಗಗ, ದ್ದೆಗೆನ, ಡೆದುಬ, ತ್ತವತಂ, ದಳು. ಹೋದದ್ದು ಒಂದು ಅಕ್ಷರ, ಕೆಟ್ಟದ್ದು ಇಡೀ ಸಾಲು. ಮೂರೋ ಆರೋ ಒಂಬತ್ತೋ ಅಕ್ಷರ ಒಟ್ಟಿಗೇ ಹೋಗಿದ್ದರೆ ಮುಂದಿನ ಪದಗಳು ಬದುಕಿಕೊಳ್ಳುತ್ತಿದ್ದವು. ಎಂಟು ಮೂರರ ಮಗ್ಗಿಯಲ್ಲಿ ಬರುವುದಿಲ್ಲ. ಹಾಗಾಗಿ ಲೋಪ ಆದ ಜಾಗದಿಂದ ಮುಂದಕ್ಕೆ ಓದು ದಾರಿ ತಪ್ಪಿ, ಸ್ವಲ್ಪ ದೂರದಲ್ಲೇ “ಇಲ್ಲಿಗೆ ನಿಲ್ಲಿಸು” ಎಂಬ ಸಂಕೇತ ಎದುರಾಗುತ್ತದೆ. 503 ಕೊಂಡಿಗಳ ಪ್ರೋಟೀನು ಆಗಬೇಕಾದದ್ದು ಅರ್ಧಕ್ಕೇ ಮುರಿದು ಬೀಳುತ್ತದೆ. ಅದರಿಂದ ಯಾವ ಕೆಲಸವೂ ಆಗದು.

ಆ ಪ್ರೋಟೀನು ಮಾಡಬೇಕಾದ ಕೆಲಸ ಶುಚಿಗೊಳಿಸುವುದು. ಗಿಡದೊಳಗೆ ಹುಟ್ಟುವ ಒಂದು ಆಲ್ಡಿಹೈಡನ್ನು ಅದು ಬೇರೆ ಪದಾರ್ಥವಾಗಿ ಮಾರ್ಪಡಿಸಿ ಸಾಗಿಸುತ್ತದೆ. ಅದು ಇಲ್ಲದಿದ್ದರೆ ಆ ಆಲ್ಡಿಹೈಡು ಸಾಗದೆ ಉಳಿಯುತ್ತದೆ, ಉಳಿದದ್ದು ಕೂಡುತ್ತ ಹೋಗಿ ಬೇರೆ ದಾರಿ ಹಿಡಿಯುತ್ತದೆ, ಕೊನೆಗೆ ಪರಿಮಳದ ಅಣುವಾಗುತ್ತದೆ. ಹಾಗಾಗಿ ಬಾಸ್ಮತಿಯ ಗಮ ಅಂದರೆ ಗಿಡವು ತೆಗೆದುಹಾಕಬೇಕಾಗಿದ್ದು ತೆಗೆಯಲಾಗದೆ ಉಳಿಸಿಕೊಂಡದ್ದು. ಹಬ್ಬದ ಅಡುಗೆಗೆ ನಾವು ಹೆಚ್ಚು ರೊಕ್ಕ ಕೊಟ್ಟು ತರುವುದು ಒಂದು ಕೆಲಸ ನಿಂತುಹೋದ ಕಾಳನ್ನು.

ಇದನ್ನು ಮೊದಲ ಸಲ ಓದಿದಾಗ ನನಗೆ ಆದದ್ದು ಬೆರಗೋ ಬೇಸರವೋ ಹೇಳುವುದು ಕಷ್ಟ. ಹೂವಿನ ಪರಿಮಳಕ್ಕೆ ಕಾರಣವಿದೆ, ದುಂಬಿ ಬರಬೇಕು. ಅನ್ನದ ಪರಿಮಳಕ್ಕೆ ಗಿಡದ ಕಡೆಯಿಂದ ಯಾವ ಉದ್ದೇಶವೂ ಕಾಣುವುದಿಲ್ಲ. ಉಪ್ಪು ನೀರಿನಲ್ಲಿ ಬೆಳೆಸಿ ನೋಡಿದ ಪ್ರಯೋಗಗಳಲ್ಲಿ ಇಂಥ ಗಿಡ ಸಾದಾ ಗಿಡಕ್ಕಿಂತ ಸೋತದ್ದೂ ಇದೆ. ಹೀಗೆ ಗಿಡಕ್ಕೆ ಲಾಭವಿಲ್ಲದ, ಕೊಂಚ ನಷ್ಟವೇ ಇರುವ ಒಂದು ಲೋಪ ಸಾವಿರಾರು ವರ್ಷ ಉಳಿದು, ಹಿಮಾಲಯದ ಬುಡದಿಂದ ಥಾಯ್ಲೆಂಡಿನವರೆಗೆ ಹರಡಲು ಒಂದೇ ಒಂದು ಕಾರಣ: ಯಾರೋ ಮೂಸಿದರು.

ಅವರು ಯಾರು ಎಂದು ಯೋಚಿಸುವುದು ನನ್ನ ಬಹುದಿನದ ಗೀಳು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸೂಸನ್ ಮೆಕೌಚ್ ಅವರ ತಂಡ 2009ರಲ್ಲಿ ನೂರಾರು ತಳಿಗಳ ಈ ಜೀನನ್ನು ಹೋಲಿಸಿ ನೋಡಿತು. ಬಾಸ್ಮತಿಯಲ್ಲಿರುವ ಲೋಪವೂ ಥಾಯ್ ಜಾಸ್ಮಿನ್ ಅಕ್ಕಿಯ ಲೋಪವೂ ಒಂದೇ, ಎರಡೂ ಒಂದೇ ಮೂಲದಿಂದ ಬಂದವು ಎಂದು ಅವರು ಕಂಡರು. ಆ ಮೂಲ ಭತ್ತದ ಇಂಡಿಕಾ ಬಳಗದ್ದಲ್ಲ, ಜಪಾನಿಕಾ ಬಳಗದ್ದು. ಎಂದರೆ ಯಾವುದೋ ಕಾಲದಲ್ಲಿ, ಯಾವುದೋ ಗದ್ದೆಯ ಒಂದೇ ಗಿಡದಲ್ಲಿ, ಡಿಎನ್‌ಎ ನಕಲಾಗುವಾಗ ಎಂಟು ಅಕ್ಷರ ಜಾರಿದವು. ಲೋಪ ಆದ ಕೂಡಲೇ ಪರಿಮಳ ಬರಲೂ ಇಲ್ಲ. ಜೀನಿನ ಒಂದು ಪ್ರತಿ ಕೆಟ್ಟರೂ ಇನ್ನೊಂದು ಚೊಕ್ಕವಾಗಿದ್ದರೆ ಕೆಲಸ ನಡೆಯುತ್ತದೆ. ಎಲ್ಲ ಪ್ರತಿಗಳೂ ಕೆಟ್ಟಾಗಲೇ ಗಮ. ಭತ್ತ ತನ್ನ ಪರಾಗವನ್ನೇ ತಾನು ತೆಗೆದುಕೊಳ್ಳುವ ಬೆಳೆಯಾದ್ದರಿಂದ ಮುಂದಿನ ಪೀಳಿಗೆಯಲ್ಲಿ ಎರಡೂ ಕೆಟ್ಟ ಪ್ರತಿ ಒಂದೆಡೆ ಸೇರಿದವು. ಆಗ ಕುಟ್ಟುತ್ತಲೋ ಬೇಯಿಸುತ್ತಲೋ ಇದ್ದ ಯಾರದೋ ಕೈ ನಿಂತಿರಬೇಕು. ಅವರು ಆ ಬೀಜವನ್ನು ಬೇರೆ ಇಟ್ಟಿರಬೇಕು. ಜೀನು ಎಂಬುದು ಇದೆ ಎಂದೇ ತಿಳಿಯದೆ, ಎಂಟನೇ ಕ್ರೋಮೊಸೋಮಿನ ಆ ಒಂದು ಜಾಗವನ್ನು ಅವರು ಓದಿದರು, ಅದೂ ಸರಿಯಾಗಿ. ಅವರ ಮಕ್ಕಳು, ಮೊಮ್ಮಕ್ಕಳು, ನೆರೆಯವರು, ಬೀಜ ವಿನಿಮಯ ಮಾಡಿಕೊಂಡ ಪರದೇಶಿಗಳು ಓದುತ್ತಲೇ ಹೋದರು. ನಮ್ಮ ಆಯಿ ಅಂಗಳದಲ್ಲಿ ಅಂಗೈ ತಿಕ್ಕುತ್ತಿದ್ದದ್ದು ಆ ಓದಿನ ಇತ್ತೀಚಿನ ಒಂದು ಸಾಲು.

ಲ್ಯಾಬಿನಲ್ಲಿ ಇದೇ ಕೆಲಸ ಮಾಡುವ ವಿಧಾನ ನೋಡಿದರೆ ನಗು ಬರುತ್ತದೆ. ಒಂದು ದಾರಿ ಇದು: ಎಳೆಯ ಎಲೆಯನ್ನು ಕತ್ತರಿಸಿ, ಅದರಿಂದ ಡಿಎನ್‌ಎ ತೆಗೆಯಬೇಕು. ದ್ರವ ಸಾರಜನಕದಲ್ಲಿ ಎಲೆ ಗಾಜಾಗುತ್ತದೆ, ಒರಳಲ್ಲಿ ಅರೆದರೆ ಹಸಿರು ಪುಡಿ. ಬಿಸಿ ದ್ರಾವಣ, ಕ್ಲೋರೋಫಾರ್ಮು, ಸೆಂಟ್ರಿಫ್ಯೂಜು. ಕೊನೆಗೆ ತಣ್ಣನೆಯ ಆಲ್ಕೊಹಾಲು ಹಾಕಿದಾಗ ಮೇಲೆದ್ದು ಬರುವ ಬಿಳಿ ಎಳೆ. ಅದನ್ನು ಕಣ್ಣಾರೆ ಕಂಡವರಾರೂ ಮರೆಯುವುದಿಲ್ಲ. ಅಷ್ಟು ದಿನ ಬಣ್ಣದ ಪೆನ್ನಿನ ಚಿತ್ರವಾಗಿದ್ದದ್ದು ಕಡ್ಡಿಯ ತುದಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಪಿಸಿಆರ್. ಅಮೆರಿಕದ ಯೆಲ್ಲೊಸ್ಟೋನಿನ ಬಿಸಿನೀರಿನ ಬುಗ್ಗೆಯಿಂದ ಬಂದ ಬ್ಯಾಕ್ಟೀರಿಯಾದ ಕಿಣ್ವ, ಕೆರಿ ಮಲ್ಲಿಸ್ 1983ರಲ್ಲಿ ಯೋಚಿಸಿದ ಉಪಾಯ. ಪ್ರತಿ ಸುತ್ತಿಗೂ ಬೇಕಾದ ತುಣುಕು ಇಮ್ಮಡಿಯಾಗುತ್ತದೆ, 30 ಸುತ್ತಿಗೆ ಲೆಕ್ಕದ ಪ್ರಕಾರ ನೂರು ಕೋಟಿ ದಾಟುತ್ತದೆ. ಅದನ್ನು ಜೆಲ್ಲಿನಲ್ಲಿ ಓಡಿಸಿ ನೀಲಾತೀತ ದೀಪದ ಕೆಳಗಿಟ್ಟರೆ ಪಟ್ಟಿಗಳು ಹೊಳೆಯುತ್ತವೆ. ಬ್ರಾಡ್ಬರಿ ಅವರ ತಂಡವೇ ರೂಪಿಸಿದ ಪರೀಕ್ಷೆಯಲ್ಲಿ ಪರಿಮಳದ ತಳಿಗೆ 257 ಅಕ್ಷರ ಉದ್ದದ ಪಟ್ಟಿ, ಸಾದಾ ತಳಿಗೆ 355ರದ್ದು. ಎರಡೂ ಕಂಡರೆ ಅದು ಬೆರಕೆ. ತನಗೆ ಗಮ ಇಲ್ಲ, ಆದರೆ ಮಕ್ಕಳಿಗೆ ದಾಟಿಸಬಲ್ಲದು.

ಇನ್ನೊಂದು ದಾರಿ 1978ರದು. ಸೂದ್ ಮತ್ತು ಸಿದ್ದಿಕ್ ಎಂಬ ನಮ್ಮ ದೇಶದ ಇಬ್ಬರು ವಿಜ್ಞಾನಿಗಳು ಕೊಟ್ಟದ್ದು. ಎಲೆಯನ್ನು ಚೂರು ಮಾಡಿ ತೆಳುವಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ, ಮುಚ್ಚಿ, ಹತ್ತು ನಿಮಿಷ ಬಿಟ್ಟು, ಮುಚ್ಚಳ ತೆಗೆದು ಮೂಸುವುದು. ಅಷ್ಟೇ. ಯಂತ್ರ ಯಾವುದು ಅಂದರೆ ಮೂಗು. ಸಾಲಾಗಿ ಗಾಜಿನ ತಟ್ಟೆಗಳನ್ನಿಟ್ಟುಕೊಂಡು ಬಿಳಿ ಕೋಟು ಹಾಕಿದ ಮೂವರು ಒಂದೊಂದನ್ನೇ ಎತ್ತಿ ಮೂಸಿ, “ಇದೆ”, “ಇಲ್ಲ”, “ಸ್ವಲ್ಪ ಇದೆ” ಎಂದು ಗುರುತು ಹಾಕುವುದು. ಹತ್ತಿಪ್ಪತ್ತು ತಟ್ಟೆ ಆದ ಮೇಲೆ ಮೂಗು ಸೋಲುತ್ತದೆ, ಮೂವರ ಮಾತು ಮೂರಾಗುತ್ತದೆ. ಆಗ ಯಾರಾದರೂ ಎದ್ದು ಹೊರಗೆ ಗಾಳಿಗೆ ನಿಂತು ಬರುತ್ತಾರೆ. ನನ್ನ ಆಯಿ ಈ ಪರೀಕ್ಷೆಗೆ ಕೂತಿದ್ದರೆ ಎಲ್ಲರನ್ನೂ ಎಬ್ಬಿಸಿ ಕಳಿಸುತ್ತಿದ್ದಳು.

ಇದಕ್ಕಿಂತ ಹಳೆಯ, ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಒಂದಿದೆ. ಕಾಳು ಕಡಿದು ನೋಡುವುದು. ಸುಗಂಧದ ತಳಿಗೂ ಸಾದಾ ತಳಿಗೂ ಸಂಕರ ಮಾಡಿದರೆ ಹುಟ್ಟುವ ಗಿಡದ ಎಲೆಗೆ ಗಮ ಇರುವುದಿಲ್ಲ. ಆದರೆ ಆ ಗಿಡದ ತೆನೆಯನ್ನು ಕೈಗೆ ತೆಗೆದುಕೊಂಡು ಕಾಳುಗಳನ್ನು ಒಂದೊಂದಾಗಿ ಸುಲಿದು ಅಗಿಯಿರಿ. ಸುಮಾರು ನಾಲ್ಕರಲ್ಲಿ ಒಂದು ಕಾಳು ಗಮ್ಮೆನ್ನುತ್ತದೆ. ಮೆಂಡೆಲ್ ಹೇಳಿದ ಮೂರಕ್ಕೆ ಒಂದರ ಲೆಕ್ಕ ಒಂದೇ ತೆನೆಯ ಮೇಲೆ ಕೂತಿದೆ! ಕಾರಣ ಇದು: ಗಿಡ ತಾಯಿ, ಕಾಳು ಮಗು. ನಾವು ತಿನ್ನುವ ಬಿಳಿಯ ಭಾಗ ತಾಯಿಯ ಒಡಲಿನದಲ್ಲ; ತಾಯಿಯ ಎರಡು ಪಾಲು, ತಂದೆಯ ಒಂದು ಪಾಲು ಸೇರಿ ಹೊಸದಾಗಿ ಹುಟ್ಟಿದ್ದು, ಪಕ್ಕದ ಭ್ರೂಣಕ್ಕಾಗಿ ಕೂಡಿಟ್ಟ ಆಹಾರ. ಮೆಂಡೆಲ್‌ನ ಪಾಠವನ್ನು ನಾನು ಎಷ್ಟೋ ಸಲ ಪರೀಕ್ಷೆಯಲ್ಲಿ ಬರೆದಿದ್ದೆ, ಬಟಾಣಿಯ ಚಿತ್ರ ಸಮೇತ. ಅದು ನನ್ನ ನಾಲಗೆಯ ಮೇಲೆ ಸತ್ಯವಾದದ್ದು ತೆನೆಯ ಕಾಳು ಕಡಿದಾಗ. ಒಂದೇ ತೆನೆ, ಒಂದೇ ನೀರು, ಒಂದೇ ಬಿಸಿಲು. ಪಕ್ಕಪಕ್ಕದ ಎರಡು ಕಾಳಿಗೆ ಬೇರೆ ಬೇರೆ ಹಣೆಬರಹ. ಧಾರವಾಡದ ಹತ್ತಿರದ ಮುಗದ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಮುಗದ ಸುಗಂಧದಂಥ ತಳಿಗಳ ಹಿಂದೆ ಇಂಥ ಮೂಸುವಿಕೆ, ಅಗಿಯುವಿಕೆಯ ಎಷ್ಟು ವರ್ಷಗಳಿರಬಹುದು ಎಂದು ಲೆಕ್ಕ ಹಾಕಲು ಹೋದರೆ ತಳಿ ಅಭಿವೃದ್ಧಿಯವರ ಮೇಲಿನ ಗೌರವ ತಾನಾಗಿ ಹೆಚ್ಚುತ್ತದೆ.

ಅಕ್ಕಿಯ ಈ ಗಮಕ್ಕೆ ಕಾಡಿನಲ್ಲೂ ಒಬ್ಬ ಪಾಲುದಾರನಿದ್ದಾನೆ, ಹುಲಿ.

ಖಾನಾಪುರ ದಾಟಿ ಕಾಡಿಗೆ ಇಳಿದರೆ ಭೀಮಗಡ. ಮಹದಾಯಿ ಹುಟ್ಟುವ ಸೀಮೆ.  2011ರಲ್ಲಿ ವನ್ಯಜೀವಿಧಾಮವಾದ ಆ ಕಾಡಿನಲ್ಲಿ ಹುಲಿಗಳ ಓಡಾಟವೂ ಇದೆ. ಹುಲಿ ತನ್ನ ಎಲ್ಲೆ ಗುರುತಿಸಲು ಬಾಲ ಎತ್ತಿ, ಹಿಂದಕ್ಕೆ, ಮರದ ಬೊಡ್ಡೆಗೆ ಒಂದು ದ್ರವ ಸಿಂಪಡಿಸುತ್ತದೆ. ಕಾಡು ತಿರುಗುವವರು ಆ ಮರದ ಹತ್ತಿರ ನಿಂತು ಬಹಳ ಹಿಂದಿನಿಂದ ಹೇಳುತ್ತ ಬಂದ ಮಾತು: ಇಲ್ಲಿ ಬಾಸ್ಮತಿ ಅನ್ನದ ವಾಸನೆ. ಕೋಲ್ಕತ್ತಾದ ವಿಜ್ಞಾನಿ ರತನ್ ಲಾಲ್ ಬ್ರಹ್ಮಚಾರಿ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಒಡಿಶಾದಲ್ಲಿ ಅರಣ್ಯಾಧಿಕಾರಿಯೊಬ್ಬರ ಮನೆಯಲ್ಲಿ ಬೆಳೆದ ಖೈರಿ ಎಂಬ ಹೆಣ್ಣುಹುಲಿಯನ್ನು ಹತ್ತಿರದಿಂದ ನೋಡಿದವರು ಅವರು. 1990ರಲ್ಲಿ ಅವರೂ ಸಂಗಡಿಗರೂ ನೇಚರ್ ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಬರೆದರು. ಅನ್ನದ ಪರಿಮಳದ ಆ ಅಣು, ಅದೇ 2-ಅಸಿಟೈಲ್-1-ಪೈರೋಲಿನ್, ಹುಲಿಯ ದ್ರವದಲ್ಲಿದೆ. ಜೊತೆಗೆ ಅದರಲ್ಲಿರುವ ಕೊಬ್ಬು ವಾಸನೆಯನ್ನು ಬೇಗ ಹಾರಿಹೋಗದಂತೆ ಹಿಡಿದಿಡುತ್ತದೆ.

ಅನ್ನಕ್ಕೂ ಹುಲಿಗೂ ಏನು ಸಂಬಂಧ? ಏನೂ ಇಲ್ಲ. ಬೆರಗಿಗೆ ಕಾರಣವೂ ಅದೇ. ಭತ್ತದ್ದು ಒಂದು ದಾರಿ, ಹುಲಿಯದು ಬೇರೆ ದಾರಿ. ಬಂದು ಸೇರಿದ ಅಣು ಒಂದೇ. ಓವನ್ನಿನಿಂದ ತೆಗೆದ ಬ್ರೆಡ್ಡಿನ ಕಂದು ಸಿಪ್ಪೆಯಲ್ಲಿ, ಪಾಪ್‌ಕಾರ್ನಿನಲ್ಲಿ, ಕೇದಗೆಯ ಬಳಗದ ಪಾಂಡನ್ ಎಲೆಯಲ್ಲಿ ಕೂಡ ಅದೇ ಇದೆ. ಕಾರ್ಬನ್, ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್ನಿನ ಈ ಒಂದು ಜೋಡಣೆಗೆ ತಾನು ಅಡುಗೆಮನೆಯದೋ ಕಾಡಿನದೋ ಎಂಬ ಗುರುತಿಲ್ಲ. ಹಿಂದವಾಡಿಯ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟಾಗ “ಊಟಕ್ಕೆ ಬರ್ರಿ” ಎನ್ನುವ ಅಣುವೇ ಭೀಮಗಡದ ಮತ್ತಿಮರದ ಬುಡದಲ್ಲಿ “ಇತ್ತ ಬರಬೇಡ” ಎನ್ನುತ್ತದೆ. ಬಯೋಟೆಕ್ ಓದಿದ್ದರಿಂದ ನನಗೆ ನೌಕರಿಗಿಂತ ಮೊದಲು ಸಿಕ್ಕದ್ದು ಇಂಥ ಒಂದೆರಡು ಸಂಗತಿ. ಅವುಗಳ ಬೆಲೆ ಏನು ಎಂದು ಮನೆಯವರು ಕೇಳಿದರೆ ಇವತ್ತಿಗೂ ನೆಟ್ಟಗೆ ಉತ್ತರ ಕೊಡಲು ಬರುವುದಿಲ್ಲ.

ಬೀಜದೊಳಗೆ ಇಣುಕುವ ಹಳೆಯ ಕಥೆಯೊಂದಿದೆ. ನಮ್ಮ ಹಿಂದವಾಡಿಯಲ್ಲೇ ಗುರುದೇವ ರಾನಡೆ ಮಂದಿರ ಇದೆ. ಜಮಖಂಡಿಯಲ್ಲಿ ಹುಟ್ಟಿ, 1957ರಲ್ಲಿ ನಿಂಬಾಳದಲ್ಲಿ ದೇಹ ಬಿಟ್ಟ ತತ್ತ್ವಜ್ಞಾನಿ ರಾ. ದ. ರಾನಡೆ ಅವರ ನೆನಪಿನದು. ಉಪನಿಷತ್ತುಗಳ ಮೇಲೆ 1926ರಲ್ಲಿ ಅವರು ಬರೆದ ಇಂಗ್ಲಿಷ್ ಗ್ರಂಥ ದೊಡ್ಡದು. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಆಲದ ಹಣ್ಣು ತರಿಸಿ, ಒಡೆಸಿ, ಒಳಗಿನ ಬೀಜ ಒಡೆಸಿ, ಏನು ಕಾಣುತ್ತದೆ ಎಂದು ಕೇಳುವ ಪ್ರಸಂಗ ಎಲ್ಲರಿಗೂ ಗೊತ್ತು. ಏನೂ ಕಾಣುವುದಿಲ್ಲ ಎನ್ನುತ್ತಾನೆ ಮಗ. ಆ ಕಾಣದ್ದರಿಂದಲೇ ಮರ ಎನ್ನುತ್ತಾನೆ ತಂದೆ. ಇದನ್ನು ಹಿಡಿದುಕೊಂಡು ನಮ್ಮವರಿಗೆ ಡಿಎನ್‌ಎ ಆಗಲೇ ಗೊತ್ತಿತ್ತು ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗೊತ್ತಿರಲಿಲ್ಲ, ಉದ್ದಾಲಕನ ಪ್ರಶ್ನೆ ಬೇರೆ, ಅವನಿಗೆ ಬೇಕಾದ ಉತ್ತರವೂ ಬೇರೆ. ಆದರೂ ಲ್ಯಾಬಿನಲ್ಲಿ ಕೂತಾಗ ನನಗೆ ಶ್ವೇತಕೇತುವೇ ನೆನಪಾಗುತ್ತಿದ್ದ. ಅಪ್ಪನ ಎದುರು “ಏನೂ ಕಾಣುವುದಿಲ್ಲ” ಎಂದು ಇದ್ದದ್ದನ್ನು ಇದ್ದಂತೆ ಹೇಳಿದ ಹುಡುಗ ಒಳ್ಳೆಯ ವಿದ್ಯಾರ್ಥಿ. ಜೆಲ್ಲಿನ ಮೇಲೆ ಪಟ್ಟಿ ಬಾರದಿದ್ದಾಗ ಬಾರಲಿಲ್ಲ ಎಂದು ವಹಿಯಲ್ಲಿ ಬರೆಯಲು ಎಷ್ಟು ಧೈರ್ಯ ಬೇಕು ಎಂಬುದು ಆ ಬೆಂಚಿನ ಮುಂದೆ ನಿಂತವರಿಗೆ ಗೊತ್ತು. ಅಲ್ಲದೆ ನಮ್ಮ ಜೀವಶಾಸ್ತ್ರ ಹೆಚ್ಚಿನದನ್ನು ಕಲಿತದ್ದೇ ಇಲ್ಲದ್ದನ್ನು ನೋಡಿ. 1910ರಲ್ಲಿ ಅಮೆರಿಕದ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅವರ ಬಾಟಲಿಯಲ್ಲಿ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನದೊಂದು ಕಾಣಿಸಿತು. ಕಣ್ಣಿಗೆ ಬಣ್ಣ ಬರುವುದು ಹೇಗೆಂದು ಬಣ್ಣ ಬಾರದ ಆ ನೊಣ ಕಲಿಸಿತು. ಒಂದು ಜೀನ್ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಅದನ್ನು ಕೆಡಿಸಿ ನೋಡುವುದು ಇಂದಿಗೂ ನಮ್ಮ ಕಸಬಿನ ಮೊದಲ ಉಪಾಯ.

ಹಾಗೆಂದು ಕಳೆದುಕೊಂಡದ್ದೆಲ್ಲ ಗಮಗಮಿಸುವುದಿಲ್ಲ. ಹಿಂದವಾಡಿಗೆ ಹತ್ತಿರದಲ್ಲೇ, ಟಿಳಕವಾಡಿಯ ವ್ಯಾಕ್ಸಿನ್ ಡಿಪೋ. ಮುಂಜಾನೆ ಅಲ್ಲಿಯ ಹಳೆಯ ಮರಗಳ ಕೆಳಗೆ ವಾಕಿಂಗ್ ಮಾಡುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಕಾರಣ ಗೊತ್ತೋ. ಬ್ರಿಟಿಷರ ಕಾಲದಲ್ಲಿ ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು, ಕರುಗಳ ಚರ್ಮದ ಮೇಲೆ ಬೆಳೆಸಿ. ನಮ್ಮ ಹಿರಿಯರ ತೋಳಿನ ಮೇಲೆ ದೇವಿ ಹಾಕಿಸಿದ ಗುರುತು ಇರುತ್ತಿತ್ತಲ್ಲ, ಅದು ಇಂಥ ಲಸಿಕೆಯದು. ಭಾರತದಲ್ಲಿ ಸಿಡುಬು 1975ರಲ್ಲಿ ನಿಂತಿತು, ಜಗತ್ತಿನಿಂದಲೇ ಹೋಯಿತೆಂದು 1980ರಲ್ಲಿ ಸಾರಿದರು. ಈಚೆಗೆ ಸಿಡುಬಿನ ಬಳಗದ ವೈರಸ್ಸುಗಳ ಜೀನೋಮುಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಕಂಡದ್ದು: ಆ ಬಳಗದಲ್ಲಿ ಹೆಚ್ಚು ಜೀನುಗಳಿರುವುದು ಗೋಸಿಡುಬಿನ ವೈರಸ್ಸಿಗೆ. ಅದು ಹಲವು ಪ್ರಾಣಿಗಳಲ್ಲಿ ಬದುಕಬಲ್ಲದು, ಮನುಷ್ಯನಿಗೆ ಬಂದರೂ ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಜೀನುಗಳನ್ನು ಒಂದೊಂದಾಗಿ ಕಳೆದುಕೊಂಡು, ಮನುಷ್ಯನೊಬ್ಬನನ್ನೇ ನಂಬಿ ನಿಂತದ್ದು ಸಿಡುಬು. ಅದು ಊರೂರು ಮಣ್ಣು ಮಾಡಿತು. ಮತ್ತೆ ಅದೇ ಬಳಗದ ಲಸಿಕೆಯ ವೈರಸ್ಸನ್ನು ಜರ್ಮನಿಯ ಆಂಟನ್ ಮಾಯರ್ ಕೋಳಿಯ ಭ್ರೂಣದ ಕೋಶಗಳಲ್ಲಿ 570ಕ್ಕೂ ಹೆಚ್ಚು ಸಲ ದಾಟಿಸಿದಾಗ, ಅದರ ಜೀನೋಮಿನ ಸುಮಾರು ನೂರಕ್ಕೆ ಹದಿನೈದು ಪಾಲು ಕಳಚಿಬಿತ್ತು. ಆಮೇಲೆ ಅದಕ್ಕೆ ಮನುಷ್ಯನ ಕೋಶದಲ್ಲಿ ಬೆಳೆಯುವ ಶಕ್ತಿಯೇ ಉಳಿಯಲಿಲ್ಲ. ಇಂದು ಮಂಕಿಪಾಕ್ಸಿಗೆ ಕೊಡುವ ಲಸಿಕೆ ಅದರಿಂದ ಬಂದದ್ದು. ಒಂದು ಲೋಪ ಕೊಲೆಗಾರನನ್ನು ಮಾಡಿತು, ಇನ್ನೊಂದು ಲೋಪ ಅದೇ ಬಳಗದ ಹಲ್ಲು ಕಿತ್ತಿತು. ಕಳೆದುಹೋಗುವುದಕ್ಕೆ ತನ್ನದೇ ಆದ ಒಳ್ಳೆಯದು ಕೆಟ್ಟದ್ದು ಇಲ್ಲ.

2025ರ ಮೇ ತಿಂಗಳಲ್ಲಿ ನಮ್ಮ ದೇಶದ ಮೊದಲ ಜೀನ್ ತಿದ್ದಿದ ಭತ್ತದ ತಳಿಗಳು ಹೊರಬಂದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ಕಮಲಾ, ದಿಲ್ಲಿಯ ಪೂಸಾ ಸಂಸ್ಥೆಯ ಡಿಎಸ್‌ಟಿ ರೈಸ್ 1. ಏನೋ ಹೊಸದನ್ನು ಸೇರಿಸಿದ್ದಾರೆ ಎಂದೇ ಹೆಚ್ಚಿನವರು ತಿಳಿದರು. ಎರಡರಲ್ಲೂ ಮಾಡಿದ್ದು ಇರುವ ಒಂದು ಜೀನನ್ನು ಕ್ರಿಸ್ಪರ್ ಕತ್ತರಿಯಿಂದ ಕೆಡಿಸುವುದು. ಒಂದರಲ್ಲಿ ತೆನೆಯ ಕಾಳುಗಳ ಸಂಖ್ಯೆಗೆ ಲಗಾಮು ಹಾಕುವ ಜೀನು, ಇನ್ನೊಂದರಲ್ಲಿ ಬರ ಮತ್ತು ಉಪ್ಪನ್ನು ತಾಳಿಕೊಳ್ಳಲು ಅಡ್ಡ ಬರುವ ಜೀನು. ಬಿಎಡಿಎಚ್2ವನ್ನೂ ಲ್ಯಾಬಿನಲ್ಲಿ ಕತ್ತರಿಸಿ ಸಾದಾ ಅಕ್ಕಿಗೆ ಪರಿಮಳ ತರಿಸಿದ್ದಾರೆ, ಚೀನಾದಲ್ಲಿ, ಹತ್ತು ವರ್ಷದ ಹಿಂದೆಯೇ. ಹಿಂದೆ ಒಂದು ಆಕಸ್ಮಿಕ ಮತ್ತು ಲೆಕ್ಕವಿಲ್ಲದಷ್ಟು ಮೂಗುಗಳು ಕೂಡಿ ಮಾಡಿದ್ದನ್ನು ಈಗ ಒಬ್ಬ ಸಂಶೋಧನಾ ವಿದ್ಯಾರ್ಥಿ ಕೆಲವು ತಿಂಗಳಲ್ಲಿ ಮಾಡಬಲ್ಲ. ಇದರಲ್ಲಿ ನನಗೆ ಖುಷಿಯೂ ಇದೆ, ಒಂದು ಅನುಮಾನವೂ ಇದೆ. ಕತ್ತರಿ ಎಲ್ಲಿ ಹಾಕಬೇಕೆಂದು ಅವನಿಗೆ ಗೊತ್ತಾದದ್ದು ಆ ಮೂಗುಗಳಿಂದ. ಯಾರೂ ಮೂಸದ, ಯಾರೂ ಬೇರೆ ಇಡದ ಲೋಪಗಳು ಎಷ್ಟು ಗದ್ದೆಗಳಲ್ಲಿ ಬಂದು ಹೋದವೋ. ಶಿವಾರದ ಮೇಲೆ ಕಟ್ಟಡ ಏಳುವಾಗ ಹೋಗುವುದು ಬರಿಯ ನೆಲವಲ್ಲ.

ಕೊನೆಗೆ ಈ ಮೂಗಿನ ಮಾತು. ಲಿಂಡಾ ಬಕ್ ಮತ್ತು ರಿಚರ್ಡ್ ಆ್ಯಕ್ಸೆಲ್ 1991ರಲ್ಲಿ ವಾಸನೆ ಹಿಡಿಯುವ ಜೀನುಗಳ ಬಳಗವನ್ನು ಕಂಡುಹಿಡಿದರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಈ ಬಳಗ ಸಸ್ತನಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಮನುಷ್ಯನ ಜೀನೋಮಿನಲ್ಲಿ ಇವು ಎಂಟುನೂರರಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿ ಕೆಲಸ ಮಾಡುವವು ಸುಮಾರು 400 ಮಾತ್ರ. ಉಳಿದ ಅರ್ಧ ಕೆಟ್ಟಿವೆ: ಎಲ್ಲೋ ಅಕ್ಷರ ಬಿಟ್ಟಿವೆ, ಎಲ್ಲೋ ಓದು ದಾರಿ ತಪ್ಪಿ ನಡುವೆಯೇ ನಿಂತಿದೆ, ಭತ್ತದ ಆ ಜೀನಿನ ಕಥೆಯೇ. ಆಯಿಯ ಆ ಕಟ್ಟುನಿಟ್ಟಿನ ಮೂಗಿನೊಳಗೂ ಅರ್ಧದಷ್ಟು ಜೀನು ಕೆಲಸ ಬಿಟ್ಟಿದ್ದವು. ಉಳಿದರ್ಧದಿಂದ ಅವಳು ಕೆಟ್ಟ ಒಂದು ಜೀನನ್ನು ಅಂಗೈಯಲ್ಲಿ ಗುರುತು ಹಿಡಿಯುತ್ತಿದ್ದಳು. ಇಲಿಗಳದ್ದು ನಮಗಿಂತ ಬಹಳ ಚೊಕ್ಕ ಸಂಸಾರ. ಅವಕ್ಕೆ ಇಂಥ ಜೀನು ಸಾವಿರಕ್ಕೂ ಮಿಕ್ಕಿ ಕೆಲಸ ಮಾಡುತ್ತವೆ.

ಇದನ್ನು ಓದಿದ ಮೇಲೆ ನನಗೆ ಒಂದು ಕುತೂಹಲ ಹುಟ್ಟಿತು. ಅಷ್ಟು ಒಳ್ಳೆಯ ಮೂಗಿನ ಇಲಿ ಗೋದಾಮಿನಲ್ಲಿ ಯಾವ ಚೀಲ ಆರಿಸೀತು? ಇದಕ್ಕೆ ಉತ್ತರ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಶಹಾಪುರದ ಕಡೆ ಅಕ್ಕಿ ವ್ಯಾಪಾರ ಮಾಡುವ ಒಬ್ಬ ಹಿರಿಯರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಇದೇನು ಪ್ರಶ್ನೆ ಎನ್ನುವಂತೆ ಹೇಳಿದರು: “ಬಾಸುಮತಿ ಚೀಲಾನ ಮೊದಲ ಹರೀತಾವ್ರೀ. ಅದಕ್ಕ ಅದನ್ನ ಯಾವಾಗಲೂ ಮ್ಯಾಲ ಇಡ್ತೀವಿ, ಸೋನಾ ಕೆಳಗ.”